ಸಕ್ಕರೆಯೂ ಉಂಟು, ಕೀಟೋನೂ ಉಂಟು

ಅಮೆರಿಕದ ವೈದ್ಯ ರಾಬರ್ಟ್ ಅಟ್ಕಿನ್ಸ್ 1972ರಲ್ಲಿ ಬರೆದ 'ಡಾ. ಅಟ್ಕಿನ್ಸ್ ಡಯಟ್ ರೆವಲ್ಯೂಷನ್' ಪುಸ್ತಕದ ಹೆಸರನ್ನು ನೀವು ಕೇಳಿರಬಹುದು. ಪಿಷ್ಟ, ಸಕ್ಕರೆಗಳನ್ನು ಬಿಡಿ. ಮೂತ್ರದಲ್ಲಿ ಅದ್ದಿದ ಪರೀಕ್ಷಾ ಪಟ್ಟಿ ನೇರಳೆ ಬಣ್ಣಕ್ಕೆ ತಿರುಗಿದರೆ ದೇಹ ಕೊಬ್ಬನ್ನು ಉರಿಸುತ್ತಿದೆ ಎಂದು ತಿಳಿಯಿರಿ – ಇದು ಅದರ ತಿರುಳು. ಹೀಗೆ ತೂಕ ಇಳಿಯುವುದು ಸುಳ್ಳಲ್ಲ. ತಕರಾರಿರುವುದು ಓದುಗನ ಮನಸ್ಸಿನಲ್ಲಿ ಅದು ಮೂಡಿಸುವ ಚಿತ್ರದ ಬಗ್ಗೆ: ಕೀಟೋನ್ ಬಂತೆಂದರೆ ಗ್ಲೂಕೋಸ್ ಮುಗಿಯಿತು!

ಒಂದು ಸಣ್ಣ ಲೆಕ್ಕ ಹಾಕಿ. 100 ಮಿ.ಲೀ. ರಕ್ತದಲ್ಲಿ 90 ಮಿ.ಗ್ರಾಂ. ಗ್ಲೂಕೋಸ್ ಇದ್ದರೆ 5 ಲೀಟರ್ ರಕ್ತದಲ್ಲಿ ಇರುವುದು ಕೇವಲ 4.5 ಗ್ರಾಂ., ಸುಮಾರು ಒಂದು ಟೀ ಚಮಚ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ. ಬಳಸುತ್ತದೆ. ಅಂದಮೇಲೆ ಪಿಷ್ಟ ತಿನ್ನದವನ ರಕ್ತದಲ್ಲಿ ಸಕ್ಕರೆ ಉಳಿಯುವುದು ಹೇಗೆ? ಯಕೃತ್ತು ಲ್ಯಾಕ್ಟೇಟ್, ಗ್ಲಿಸರಾಲ್ ಹಾಗೂ ಅಮೈನೊ ಆಮ್ಲಗಳಿಂದ ಅದನ್ನು ತಯಾರಿಸುತ್ತಲೇ ಇರುತ್ತದೆ. ಮೈಟೊಕಾಂಡ್ರಿಯ ಇಲ್ಲದ ಕೆಂಪು ರಕ್ತಕಣಗಳಿಗೆ ಬೇರೆ ಇಂಧನ ಒಗ್ಗದು. ಜಾರ್ಜ್ ಕೇಹಿಲ್ ತಂಡ 1967ರಲ್ಲಿ ವರದಿ ಮಾಡಿದಂತೆ, ಐದಾರು ವಾರ ಉಪವಾಸವಿದ್ದವರ ಮಿದುಳು ತನ್ನ ಶಕ್ತಿಯ ಹೆಚ್ಚು ಪಾಲನ್ನು ಕೀಟೋನ್‌ಗಳಿಂದ ಪಡೆಯುತ್ತಿತ್ತು. ಆಗಲೂ ಅದು ಗ್ಲೂಕೋಸನ್ನು ಪೂರ್ತಿ ಕೈಬಿಟ್ಟಿರಲಿಲ್ಲ.

ಹಾಗಾದರೆ ಕೀಟೋನ್ ತಯಾರಿಕೆಯನ್ನು ನಿಯಂತ್ರಿಸುವುದು ಯಾವುದು? ಮುಖ್ಯವಾಗಿ ಇನ್ಸುಲಿನ್. ಅದು ತಗ್ಗಿದಾಗ ಕೊಬ್ಬಿನ ಕೋಶಗಳಿಂದ ಮೇದಾಮ್ಲಗಳು ಹೊರಬರುತ್ತವೆ, ಯಕೃತ್ತು ಅವನ್ನು ಕೀಟೋನ್‌ಗಳನ್ನಾಗಿ ಮಾಡುತ್ತದೆ. ಆರೋಗ್ಯವಂತರಲ್ಲಿ ಸ್ವಲ್ಪವಾದರೂ ಇನ್ಸುಲಿನ್ ಇರುವುದರಿಂದ ಈ ಆಹಾರಕ್ರಮದಲ್ಲಿ ಕೀಟೋನ್ ಸಾಮಾನ್ಯವಾಗಿ ಲೀಟರಿಗೆ 0.5ರಿಂದ 3 ಮಿಲಿಮೋಲ್‌ನಷ್ಟಿರುತ್ತದೆ. ಅಷ್ಟಕ್ಕೇ ಅದನ್ನು ವಿಷವೆಂದು ಹೆದರಬೇಕಿಲ್ಲ. ಈ ಮಾತಿನಲ್ಲಿ ಅಟ್ಕಿನ್ಸ್ ಸರಿ.

ಆದರೆ ಇನ್ಸುಲಿನ್ ಇಲ್ಲವೇ ಇಲ್ಲ ಎನ್ನಿಸುವ ಮೊದಲ ಬಗೆಯ ಮಧುಮೇಹದಲ್ಲಿ ನೋಡಿ. ಚುಚ್ಚುಮದ್ದು ತಪ್ಪಿದರೆ ಸಕ್ಕರೆ 250 ದಾಟುತ್ತದೆ, ಕೀಟೋನ್ ಕೂಡ ಏರುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಒಂದು ಏರಿದರೆ ಇನ್ನೊಂದು ಇಳಿಯುವ ತಕ್ಕಡಿ ಇದಲ್ಲ. ಇದಕ್ಕೆ ವ್ಯತಿರಿಕ್ತವೂ ಉಂಟು. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ 'ಗ್ಲಿಫ್ಲೋಜಿನ್' ಗುಂಪಿನ ಮಧುಮೇಹ ಔಷಧಗಳನ್ನು ಸೇವಿಸುವವರಲ್ಲಿ ಸಕ್ಕರೆ ಹೆಚ್ಚು ಏರದೆಯೂ ಇದೇ ಅಪಾಯ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಿತು. ಅಂಥವರು ವೈದ್ಯರಿಗೆ ತಿಳಿಸದೆ ಅನ್ನ ಬಿಡುವುದು ಸಲ್ಲ.

ನೇರಳೆ ಬಣ್ಣ ಈ ಸ್ಥಿತಿಗಳನ್ನು ಪ್ರತ್ಯೇಕಿಸಲಾರದು. ಅಲ್ಲದೆ, ಆ ಪಟ್ಟಿ ತೋರುವುದು ಮುಖ್ಯವಾಗಿ ಅಸಿಟೊಅಸಿಟೇಟನ್ನು. ಅಪಾಯದ ಸ್ಥಿತಿಯಲ್ಲಿ ಹೆಚ್ಚಾಗಿ ತುಂಬಿರುವ ಬೀಟಾ-ಹೈಡ್ರಾಕ್ಸಿಬ್ಯುಟಿರೇಟ್ ಅದಕ್ಕೆ ಕಾಣುವುದೇ ಇಲ್ಲ.