ಕಾರ್ಗತ್ತಲೊಳಗಿನ ದೇವರು: ಕ್ರೈಸ್ತ ನಿಷೇಧಮಾರ್ಗದ ಬಲ ಮತ್ತು ಮಿತಿ

ಇಂದಿನ ಟರ್ಕಿಯ ಒಳನಾಡಾದ ಕಪ್ಪದೋಕ್ಯದಲ್ಲಿ 4ನೇ ಶತಮಾನದ ಉತ್ತರಾರ್ಧದಲ್ಲಿ ಒಂದು ಜಗಳ ನಡೆಯಿತು. ದೇವರ ಸ್ವರೂಪವನ್ನು ಮನುಷ್ಯನ ಬುದ್ಧಿ ಪೂರ್ತಿಯಾಗಿ ತಿಳಿಯಬಲ್ಲದೇ ಎಂಬುದು ಅದರ ವಿಷಯ. ಸೈಜಿಕಸ್ ಪಟ್ಟಣಕ್ಕೆ ಬಿಷಪನಾಗಿದ್ದ ಯುನೋಮಿಯಸ್, ತಿಳಿಯಬಲ್ಲದು ಎಂದ. ದೇವರು ಯಾರಿಂದಲೂ ಹುಟ್ಟದವನು, ಅವನ ಸಾರವೆಲ್ಲ ಆ ಒಂದು ಮಾತಿನಲ್ಲೇ ಅಡಗಿದೆ ಎಂಬುದು ಅವನ ವಾದ. ಕ್ರಿಸ್ತ ಹುಟ್ಟಿದವನಾದ್ದರಿಂದ ತಂದೆಗೆ ಸಮನಲ್ಲ ಎಂಬ ತೀರ್ಮಾನವೂ ಅದೇ ಬುಡದಿಂದ ಚಿಗುರಿತು. ಇದನ್ನು ಖಂಡಿಸಿ ನಿಸ್ಸದ ಗ್ರೆಗೊರಿ ಗ್ರಂಥದ ಮೇಲೆ ಗ್ರಂಥ ಬರೆದ. ಆ ಗ್ರಂಥಗಳ ತರ್ಕ ಇಂದು ಓದಲು ಕಷ್ಟ. ಆದರೆ ಅವುಗಳ ಹಿಂದಿರುವ ಆತಂಕ ಹಳತಾಗಿಲ್ಲ: ದೇವರ ಬಗ್ಗೆ ನಾವು ಕಟ್ಟಿಕೊಂಡ ಕಲ್ಪನೆಯನ್ನೇ ದೇವರೆಂದು ಪೂಜಿಸಿದರೆ ಅದೂ ವಿಗ್ರಹವೇ. ಕಲ್ಲಿನದ್ದಲ್ಲದ ಕಾರಣ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ.

ಗ್ರೆಗೊರಿ ತನ್ನ ಮಾತಿಗೆ ಆಧಾರ ಹುಡುಕಿದ್ದು ಬೈಬಲಿನ ಮೋಶೆಯ ಕಥೆಯಲ್ಲಿ. ಮೋಶೆಗೆ ದೇವರು ಮೊದಲು ಕಂಡದ್ದು ಉರಿಯುವ ಪೊದೆಯ ಬೆಳಕಿನಲ್ಲಿ, ಆಮೇಲೆ ಮೇಘದಲ್ಲಿ, ಕೊನೆಗೆ ಸೀನಾಯಿ ಬೆಟ್ಟದ ಕಾರ್ಗತ್ತಲಲ್ಲಿ. ಮುಂದೆ ಹೋದಂತೆಲ್ಲ ಬೆಳಕು ಹೆಚ್ಚಬೇಕೆಂದು ನಾವು ಎಣಿಸುತ್ತೇವೆ. ಇಲ್ಲಿ ಕತ್ತಲು ಹೆಚ್ಚುತ್ತದೆ. ‘ಮೋಶೆಯ ಜೀವನ’ ಎಂಬ ಕೃತಿಯಲ್ಲಿ ಗ್ರೆಗೊರಿ ಈ ಕ್ರಮವನ್ನೇ ಭಕ್ತನ ಬೆಳವಣಿಗೆಯ ದಾರಿಯಾಗಿ ಓದಿದ. ದೇವರ ಕಡೆಗಿನ ನಡಿಗೆಗೆ ಕೊನೆಯ ನಿಲುಗಡೆ ಇಲ್ಲ ಎಂದ. ಕನ್ನಡದ ಓದುಗರಿಗೆ ಇಲ್ಲಿ ಉಪನಿಷತ್ತಿನ ‘ನೇತಿ ನೇತಿ’ ನೆನಪಾಗುವುದು ಸಹಜ. ಆದರೆ ಎರಡನ್ನೂ ಒಂದೇ ಎಂದು ಸಮೀಕರಿಸುವ ಆತುರ ಬೇಡ. ಬೃಹದಾರಣ್ಯಕದಲ್ಲಿ ಹಾಗೆ ಅಲ್ಲಗಳೆಯುತ್ತ ಹುಡುಕುವುದು ಆತ್ಮವನ್ನು. ಗ್ರೆಗೊರಿಯಲ್ಲಿ ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಿನ ಅಂತರ ಎಂದಿಗೂ ಅಳಿಯುವುದಿಲ್ಲ. ಆ ಅಂತರದ ಕಡೆಗೇ ಪ್ರೀತಿಯಿಂದ ನಡೆಯುತ್ತಿರಬೇಕು.

ದೇವರು ಏನಲ್ಲ ಎಂದು ಹೇಳುತ್ತಲೇ ಅವನ ಕಡೆ ಸಾಗುವ ಈ ಪರಂಪರೆಯನ್ನು, ಅಂದರೆ ನಿಷೇಧಮಾರ್ಗವನ್ನು, ಮೆಚ್ಚುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಅವರಿಗೆ ಇದು ಧ್ಯಾನದ, ಮೌನದ, ಒಳಗಿನ ಶಾಂತಿಯ ವಿಷಯ. ನನಗೆ ಗ್ರೆಗೊರಿ ದೊಡ್ಡವನಾಗಿ ಕಾಣುವುದು ಬೇರೆ ಕಡೆ. ಬೈಬಲಿನ ‘ಪ್ರಸಂಗಿ’ ಪುಸ್ತಕದ ಮೇಲೆ ಅವನು 380ರ ಸುಮಾರಿಗೆ ಕೊಟ್ಟ ಉಪದೇಶಗಳಿವೆ. ಆ ಪುಸ್ತಕದಲ್ಲಿ ತನ್ನ ವೈಭವವನ್ನು ಹೇಳಿಕೊಳ್ಳುವ ಅರಸ, ತಾನು ಗಂಡು ಹೆಣ್ಣು ಗುಲಾಮರನ್ನು ಕೊಂಡುಕೊಂಡೆ ಎನ್ನುತ್ತಾನೆ. ಗ್ರೆಗೊರಿ ಆ ಮಾತಿನಲ್ಲಿ ನಿಂತುಬಿಟ್ಟ. ದೇವರ ಪ್ರತಿರೂಪವಾಗಿ ಸೃಷ್ಟಿಯಾದ ಮನುಷ್ಯನಿಗೆ ಎಷ್ಟು ಕಾಸು ಕೊಟ್ಟೆ ಎಂದು ಕೊಂಡವನನ್ನು ಕೇಳಿದ. ಇಡೀ ಲೋಕವನ್ನೇ ತಕ್ಕಡಿಗೆ ಹಾಕಿದರೂ ಒಂದು ಆತ್ಮದ ಬೆಲೆಗೆ ಸಾಲದು, ಮಾರಿದವನು ಯಾರು, ಕ್ರಯಪತ್ರ ಬರೆದುಕೊಟ್ಟವನು ಯಾರು ಎಂದು ಹಿಡಿದು ನಿಲ್ಲಿಸಿದ. ಸಭೆಯ ದೊಡ್ಡವರೇ ಗುಲಾಮರನ್ನು ಇಟ್ಟುಕೊಂಡಿದ್ದ ಕಾಲ ಅದು. ಒಡೆಯರು ಕರುಣೆ ತೋರಬೇಕು ಎಂದವರು ಹಲವರಿದ್ದರು. ಒಡೆತನವೇ ಪಾಪ ಎಂದು ಇಷ್ಟು ನೇರವಾಗಿ ಹೇಳಿದವರು ಪ್ರಾಚೀನ ಲೋಕದಲ್ಲಿ ತೀರ ವಿರಳ.

ಈ ಉಪದೇಶಕ್ಕೂ ಆ ಕಾರ್ಗತ್ತಲಿಗೂ ನಂಟಿದೆ. ಮನುಷ್ಯನ ಸೃಷ್ಟಿಯನ್ನು ಕುರಿತು ಬರೆದ ಪ್ರಬಂಧದಲ್ಲಿ ಗ್ರೆಗೊರಿ ಹೀಗೆ ವಾದಿಸುತ್ತಾನೆ: ದೇವರು ಬುದ್ಧಿಗೆ ನಿಲುಕದವನು, ಮನುಷ್ಯನ ಮನಸ್ಸು ದೇವರ ಪ್ರತಿರೂಪ, ಆದ್ದರಿಂದ ಮನುಷ್ಯನ ಮನಸ್ಸೂ ಅಳತೆಗೆ ಸಿಗದು. ದೇವರನ್ನು ಒಂದು ವ್ಯಾಖ್ಯೆಯೊಳಗೆ ಕೂರಿಸಲಾಗದು ಎಂದು ನಿಜವಾಗಿ ನಂಬಿದವನು ಎದುರಿಗಿರುವ ಮನುಷ್ಯನನ್ನೂ ಒಂದು ಬೆಲೆಗೆ, ಒಂದು ಜಾತಿಗೆ, ಒಂದು ಕೆಲಸಕ್ಕೆ ಕಟ್ಟಿಹಾಕಲಾರ. ಗ್ರೆಗೊರಿಯ ಅಕ್ಕ ಮಕ್ರೀನಾ ಮನೆಯ ದಾಸಿಯರ ಜೊತೆ ಒಂದೇ ಊಟ, ಒಂದೇ ಹಾಸಿಗೆ ಎಂಬಂತೆ ಸಮವಾಗಿ ಬಾಳಿದಳೆಂದು ಅವನೇ ಬರೆದ ಆಕೆಯ ಜೀವನಕಥೆ ಹೇಳುತ್ತದೆ. ನಿಷೇಧಮಾರ್ಗವನ್ನು ತೂಗಲು ನಾನು ಒಪ್ಪುವ ಒರೆಗಲ್ಲು ಇದೇ. ದೇವರ ಮೇಲಿನ ಮಿತಿಗಳನ್ನು ಕಳಚಿದವರು ಮನುಷ್ಯರ ಮೇಲಿನ ಮಿತಿಗಳನ್ನೂ ಕಳಚಿದರೇ?

ಈ ಒರೆಗಲ್ಲಿಗೆ ತಿಕ್ಕಿದರೆ ಈ ಪರಂಪರೆಯ ಅತಿ ಪ್ರಸಿದ್ಧ ಲೇಖಕನೇ ಮಂಕಾಗುತ್ತಾನೆ. 500ರ ಆಸುಪಾಸಿನಲ್ಲಿ, ಬಹುಶಃ ಸಿರಿಯಾದಲ್ಲಿ, ಒಬ್ಬಾತ ದಿಯೋನುಸಿಯ ಎಂಬ ಹೆಸರಿನಲ್ಲಿ ಬರೆದ. ಅಥೆನ್ಸಿನ ಅರಿಯೊಪಾಗದಲ್ಲಿ ಪೌಲನು ‘ತಿಳಿಯದ ದೇವರ’ ಬಲಿಪೀಠವನ್ನು ಎತ್ತಿಕೊಂಡು ಮಾತಾಡಿದಾಗ ಅದನ್ನು ಕೇಳಿ ನಂಬಿದವನ ಹೆಸರು ಅದು. ಆ ಹೆಸರಿನ ಬಲದಿಂದ ಸುಮಾರು ಸಾವಿರ ವರ್ಷ ಈ ಬರಹಗಳಿಗೆ ಅಪೊಸ್ತಲರ ಕಾಲದ ಗೌರವ ಸಿಕ್ಕಿತು. 15ನೇ ಶತಮಾನದಲ್ಲಿ ವಿದ್ವಾಂಸ ಲೊರೆಂಜೊ ವಲ್ಲಾ ಈ ನಂಬಿಕೆಯ ಬಗ್ಗೆ ಅನುಮಾನ ಎತ್ತಿದ. ಐದೇ ಅಧ್ಯಾಯಗಳ ‘ಅನುಭಾವ ದೈವಶಾಸ್ತ್ರ’ದ ಕೊನೆಯಲ್ಲಿ ಈ ದಿಯೋನುಸಿಯ ದೇವರಿಗಿಟ್ಟ ಹೆಸರುಗಳನ್ನೆಲ್ಲ ಒಂದೊಂದಾಗಿ ತೆಗೆದಿಡುತ್ತಾನೆ. ಜೀವ, ಬೆಳಕು, ಜ್ಞಾನ ಎಲ್ಲ ಹೋಗುತ್ತವೆ. ತಂದೆತನ, ಮಗನಾಗಿರುವಿಕೆ ಎಂದು ನಮಗೆ ಗೊತ್ತಿರುವುದೂ ಹೋಗುತ್ತದೆ. ಕಡೆಗೆ, ಅಲ್ಲ ಎನ್ನುವ ಮಾತೂ ದೇವರಿಗೆ ತಾಗದು ಎನ್ನುತ್ತಾನೆ. ಓದುವಾಗ ನಿಜಕ್ಕೂ ಉಸಿರು ಬಿಗಿಯಾಗುತ್ತದೆ.

ಆದರೆ ಇದೇ ಕೈ ದೇವದೂತರನ್ನು ಒಂಬತ್ತು ದರ್ಜೆಗಳಲ್ಲಿ ನಿಲ್ಲಿಸಿತು. ಬಿಷಪ್, ಪಾದ್ರಿ, ಸಭಾಸೇವಕ, ಕೆಳಗೆ ಸಂನ್ಯಾಸಿಗಳು, ಜನ ಎಂದು ಭೂಮಿಯ ಮೇಲೂ ಸಾಲು ಕಟ್ಟಿತು. ದೆಮೊಫಿಲಸ್ ಎಂಬ ಸಂನ್ಯಾಸಿಗೆ ಬರೆದ ಪತ್ರವೊಂದಿದೆ. ಪಾಪಕ್ಕೆ ಪಶ್ಚಾತ್ತಾಪಪಟ್ಟು ಬಂದವನನ್ನೂ ಅವನನ್ನು ಬರಮಾಡಿಕೊಂಡ ಪಾದ್ರಿಯನ್ನೂ ಈ ದೆಮೊಫಿಲಸ್ ಹೊರಗಟ್ಟಿದ್ದ. ದಿಯೋನುಸಿಯ ಅವನ ಕ್ರೌರ್ಯವನ್ನು ಗದರಿಸುವುದು ಸರಿಯಾಗಿದೆ, ಕ್ರಿಸ್ತನ ಕರುಣೆಯನ್ನು ನೆನಪಿಸುವುದು ಸುಂದರವಾಗಿದೆ. ಜೊತೆಗೇ ಅವನು ಹೇಳುವ ಇನ್ನೊಂದು ಮಾತನ್ನು ಒಪ್ಪಲು ನನ್ನಿಂದಾಗದು: ಪಾದ್ರಿ ತಪ್ಪು ಮಾಡಿದರೂ ಅವನನ್ನು ತಿದ್ದುವ ಹಕ್ಕು ಕೆಳಗಿನ ಸಾಲಿನ ಸಂನ್ಯಾಸಿಗಿಲ್ಲ. ಈ ದರ್ಜೆಗಳು ದೇವರ ಬೆಳಕು ಇಳಿದು ಬರುವ ಮೆಟ್ಟಿಲುಗಳು, ಅಧಿಕಾರದ ಹಮ್ಮಿಗೆ ಅಲ್ಲಿ ಜಾಗವಿಲ್ಲ ಎಂದು ಅವನ ಪರ ವಾದಿಸಬಹುದು. ಆದರೂ ದೇವರ ಹೆಸರುಗಳನ್ನೆಲ್ಲ ಕಳಚಲು ಹೆದರದವನು ಬಿಷಪನ ಪೀಠವನ್ನು ಅಲುಗಿಸಲು ಹೆದರಿದ. ಮುಂದೆ ಈ ಮಾರ್ಗ ಸಂಸ್ಥೆಗೆ ತೊಂದರೆ ಕೊಡದ ವಿದ್ವತ್ತಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣ. ಸೃಷ್ಟಿಕರ್ತನಿಗೂ ಸೃಷ್ಟಿಗೂ ಎಷ್ಟು ಹೋಲಿಕೆ ಕಂಡರೂ ಹೋಲದಿರುವುದೇ ಅದಕ್ಕಿಂತ ಹೆಚ್ಚು ಎಂದು 1215ರ ನಾಲ್ಕನೇ ಲ್ಯಾಟರನ್ ಸಭೆ ಅಧಿಕೃತವಾಗಿ ಒಪ್ಪಿತು. ಯೆಹೂದ್ಯರು ಮತ್ತು ಮುಸ್ಲಿಮರು ಉಡುಪಿನಿಂದಲೇ ಗುರುತು ಸಿಗುವಂತಿರಬೇಕು ಎಂದು ವಿಧಿಸಿದ್ದೂ ಅದೇ ಸಭೆ.

ಈ ಮಾರ್ಗ ವಿದ್ವಾಂಸರ ಲ್ಯಾಟಿನಿನಲ್ಲಿ ಇದ್ದಷ್ಟು ದಿನ ಹೆಚ್ಚಿನ ತೊಂದರೆಯಿರಲಿಲ್ಲ. ಜನರ ಮಾತಿಗೆ ಇಳಿದಾಗ ಕಥೆ ಬದಲಾಯಿತು. ಯಾವ ಮಠಕ್ಕೂ ಸೇರದೆ ಭಕ್ತಿಯ ಬಾಳು ನಡೆಸುತ್ತಿದ್ದ ಬೆಗೀನ್ ಹೆಂಗಸರಲ್ಲಿ ಒಬ್ಬಳು ಮಾರ್ಗರೀತ್ ಪೊರೆತ್. ಫ್ರೆಂಚಿನಲ್ಲಿ ಬರೆದ ‘ಸರಳ ಆತ್ಮಗಳ ಕನ್ನಡಿ’ಯಲ್ಲಿ ಆಕೆ, ಪ್ರೀತಿಯಲ್ಲಿ ಕರಗಿದ ಆತ್ಮ ದೇವರಿಂದ ಏನನ್ನೂ ಬಯಸದು, ಪುಣ್ಯದ ಲೆಕ್ಕವನ್ನೂ ಇಡದು ಎಂದಳು. ಪುಸ್ತಕವನ್ನು ಸುಟ್ಟರು. ಆಕೆ ಮತ್ತೆ ಹಂಚಿದಳು. ವಿಚಾರಣೆಯಲ್ಲಿ ಪ್ರಮಾಣ ಮಾಡಲಿಲ್ಲ, ಉತ್ತರವನ್ನೂ ಕೊಡಲಿಲ್ಲ. 1310ರ ಜೂನ್ 1ರಂದು ಪ್ಯಾರಿಸಿನಲ್ಲಿ ಆಕೆಯನ್ನೇ ಸುಟ್ಟರು. ಹೆಸರಿಲ್ಲದೆ ಉಳಿದ ಪುಸ್ತಕವನ್ನು ಮಠಗಳಲ್ಲಿ ಭಕ್ತಿಯಿಂದಲೇ ಓದುತ್ತಿದ್ದರು; ಅದು ಆಕೆಯದೆಂದು ವಿದ್ವಾಂಸೆ ರೊಮಾನಾ ಗ್ವಾರ್ನಿಯೆರಿ ಗುರುತಿಸಿದ್ದು 1946ರಲ್ಲಿ. ಜರ್ಮನ್ ಮಾತಿನಲ್ಲಿ ಉಪದೇಶಿಸಿ, ‘ದೇವರು’ ಎಂದು ನಾವು ಹಿಡಿದುಕೊಂಡಿರುವುದರಿಂದ ಬಿಡಿಸು ಎಂದು ದೇವರನ್ನೇ ಬೇಡಿದ ಎಕ್‌ಹಾರ್ಟನ 28 ಹೇಳಿಕೆಗಳನ್ನು ಪೋಪ್ 22ನೇ ಯೋಹಾನ 1329ರಲ್ಲಿ ಖಂಡಿಸಿದ. ಅಷ್ಟರಲ್ಲಿ ಎಕ್‌ಹಾರ್ಟ್ ತೀರಿಕೊಂಡಿದ್ದ. ಸಾಮಾನ್ಯ ಜನರ ಮುಂದೆ ಇಂಥದನ್ನು ಹೇಳಿದ ಎಂಬುದೂ ಅವನ ಮೇಲಿನ ಆರೋಪವೇ ಆಗಿತ್ತು. ಲೆಕ್ಕ ಇಡುವ ದೇವರು ಇಲ್ಲವಾದರೆ ಲೆಕ್ಕದ ಪುಸ್ತಕ ಹಿಡಿದವರಿಗೆ ಏನು ಕೆಲಸ? ನಮ್ಮ ಕಾಲದಲ್ಲಿ ಕಾಣಿಕೆಗೆ ತಕ್ಕ ಪ್ರತಿಫಲ ಕೊಡುವ, ನಂಬಿಕೆ ಸಾಲದಿದ್ದರೆ ಕಾಯಿಲೆ ವಾಸಿಮಾಡದ ದೇವರನ್ನು ವೇದಿಕೆಯ ಮೇಲೆ ನಿಂತು ಸಾರುವವರಿಗೂ ಮಾರ್ಗರೀತ್ ಅಷ್ಟೇ ಅಪಾಯಕಾರಿ.

ಇಷ್ಟು ಹೇಳಿದ ಮೇಲೂ ಈ ಮಾರ್ಗದ ಒಂದು ದೊಡ್ಡ ಕೊರತೆಯನ್ನು ಎದುರಿಸಲೇಬೇಕು. ಹೆಸರುಗಳನ್ನು ಬಿಟ್ಟುಕೊಡು ಎನ್ನುವ ಮಾತು, ಹೆಸರಿಡುವ ಹಕ್ಕು ಇದ್ದವರಿಗೆ ಮಾತ್ರ ಅರ್ಥವಾಗುತ್ತದೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಕಪ್ಪು ಗುಲಾಮರಿಗೆಂದು ಬೈಬಲಿನ ಆಯ್ದ ಭಾಗಗಳನ್ನು ಅಚ್ಚುಹಾಕಿದರು. ಯೋಸೇಫ ಗುಲಾಮನಾಗಿ ಹೋದ ಕಥೆ ಅದರಲ್ಲಿತ್ತು. ಇಸ್ರೇಲರು ಐಗುಪ್ತದ ಬಂಧನದಿಂದ ಬಿಡಿಸಿಕೊಂಡ ಕಥೆ ಇರಲಿಲ್ಲ. ದಾಸನೂ ಸ್ವತಂತ್ರನೂ ಕ್ರಿಸ್ತನಲ್ಲಿ ಒಂದೇ ಎನ್ನುವ ವಚನವೂ ಇರಲಿಲ್ಲ. ಕತ್ತರಿಯಿಂದ ಕುಗ್ಗಿಸಿದ ದೇವರು ಅವನು. ಅಂಥ ಪುಸ್ತಕ ಕೈಗೆ ಬಂದವನಿಗೆ, ದೇವರು ಮಾತಿಗೆ ನಿಲುಕದವನು, ಸುಮ್ಮನಿರು ಎಂದರೆ ಅದು ಎರಡನೆಯ ಅನ್ಯಾಯ. ಅವನಿಗೆ ಬೇಕಾದದ್ದು ಕತ್ತರಿಸಿ ಎಸೆದ ಹೆಸರು: ಬಿಡಿಸುವವನು. ಅಮೆರಿಕದ ದೈವಶಾಸ್ತ್ರಜ್ಞ ಜೇಮ್ಸ್ ಕೋನ್ 1970ರಲ್ಲಿ ದೇವರು ಕಪ್ಪು ಎಂದು ಬರೆದದ್ದು ಈ ಹಸಿವಿನಿಂದ. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಶೂದ್ರ ದೈವಶಾಸ್ತ್ರದ ಕುರಿತು ಮಾಡಿದ ಭಾಷಣದಿಂದ ದಲಿತ ದೈವಶಾಸ್ತ್ರದ ಹಾದಿ ತೆರೆಯಿತು. ಮುಂದೆ ಅವರು ದೇವರನ್ನು ಸೇವೆಮಾಡುವ ದೇವರೆಂದು ಕರೆದರು. ಯಾರ ಪಾಲಿಗೆ ಸೇವೆಯೆಂಬುದು ಹುಟ್ಟಿನಿಂದಲೇ ಬಂದ ಅವಮಾನವೋ ಅವರ ಪಕ್ಕಕ್ಕೆ ದೇವರನ್ನು ತಂದು ನಿಲ್ಲಿಸಿದರು. ಸಿಂಹಾಸನದ ಒಡೆಯನೆಂದಷ್ಟೇ ದೇವರನ್ನು ಬಲ್ಲ ಸಭೆಗೆ ಇದು ಯಾವ ಕಾರ್ಗತ್ತಲಿಗೂ ಕಡಿಮೆಯಿಲ್ಲದ ಆಘಾತ.

ಹಾಗಾದರೆ ನಿರ್ಮಲ್ ಮತ್ತು ಗ್ರೆಗೊರಿ ಎದುರಾಳಿಗಳೇ? ನನಗೆ ಹಾಗೆ ಕಾಣುವುದಿಲ್ಲ. ಹೊಸ ಹೆಸರೊಂದು ಹಳೆಯ ವಿಗ್ರಹವನ್ನು ಒಡೆಯುತ್ತದೆ. ಆ ಹೊಸ ಹೆಸರೂ ಮುಂದೊಂದು ದಿನ ಪೀಠವೇರಿ ಕೂತರೆ ಗ್ರೆಗೊರಿಯ ಪ್ರಶ್ನೆ ಅದಕ್ಕೂ ಬೇಕಾಗುತ್ತದೆ. ಆದರೆ ಸರದಿ ಮುಖ್ಯ. ತುಳಿಸಿಕೊಂಡವರು ಮೊದಲು ತಮ್ಮ ಬಾಯಿಂದ ದೇವರನ್ನು ಹೆಸರು ಹಿಡಿದು ಕರೆಯಲಿ, ಮೌನದ ಪಾಠ ಆಮೇಲೆ ಬರಲಿ. ಬೈಬಲಿನ ಯೋಬನ ಪುಸ್ತಕ ಈ ಸರದಿಯನ್ನು ಬಲ್ಲದು. ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕೂತ ಯೋಬನಿಗೆ ಗೆಳೆಯರು ದೇವರ ನ್ಯಾಯವನ್ನು ವಿವರಿಸುತ್ತಾರೆ: ನೋವು ಬಂದಿದೆ ಎಂದರೆ ಪಾಪವಿರಲೇಬೇಕು. ಅವರ ಸಿದ್ಧಾಂತದಲ್ಲಿ ಒಂದು ಬಿರುಕೂ ಇಲ್ಲ. ಯೋಬ ಕೂಗಾಡುತ್ತಾನೆ, ದೇವರನ್ನೇ ನ್ಯಾಯಸ್ಥಾನಕ್ಕೆ ಕರೆಯುತ್ತಾನೆ. ಸುಂಟರಗಾಳಿಯೊಳಗಿಂದ ಮಾತಾಡಿದ ದೇವರು ಅವನಿಗೆ ಯಾವ ವಿವರಣೆಯನ್ನೂ ಕೊಡುವುದಿಲ್ಲ. ಭೂಮಿಗೆ ಅಸ್ತಿವಾರ ಹಾಕುವಾಗ ನೀನೆಲ್ಲಿದ್ದೆ ಎಂದು ಅವನ ಬಾಯಿಯನ್ನೂ ಮುಚ್ಚಿಸುತ್ತಾನೆ. ಆಮೇಲೆ ಗೆಳೆಯರ ಕಡೆ ತಿರುಗಿ, ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ನೀವಲ್ಲ, ಹೋಗಿ ಬಲಿ ಅರ್ಪಿಸಿ, ನಿಮಗಾಗಿ ಅವನು ಪ್ರಾರ್ಥಿಸಲಿ ಎನ್ನುತ್ತಾನೆ.