ಅರ್ಧ ಗಂಟೆಯ ಚಿತ್ರಕಾರ

ಚಿತ್ರಕಲೆಯನ್ನು ಕುರಿತು ಬರೆಯುವ ಪಂಡಿತರು ಬಾಬ್ ರಾಸನ ಹೆಸರನ್ನೆತ್ತುವುದು ಅಪೂರ್ವ, ಎತ್ತಿದರೂ ನಸುನಗೆಯೊಡನೆ. ಚಿತ್ರಶಾಲೆಯ ಮೆಟ್ಟಿಲನ್ನೇ ಹತ್ತದ ಅಸಂಖ್ಯ ಜನರಾದರೋ ಆತನನ್ನು ಗುರುವೆಂದು ನೆನೆಯುತ್ತಾರೆ. ಪಂಡಿತರ ಉಪೇಕ್ಷೆ, ಸಾಮಾನ್ಯರ ಪ್ರೀತಿ, ಇವೆರಡರಲ್ಲಿ ನ್ಯಾಯವಾದುದು ಯಾವುದು? ಕಲೆ ಎಲ್ಲರ ಸ್ವತ್ತಾಗಬಲ್ಲುದೆ ಎಂಬ ದೊಡ್ಡ ಪ್ರಶ್ನೆಯೂ ಇದರೊಳಗೆ ಅಡಗಿದೆ.

ರಾಸನು 1942ನೆಯ ಇಸವಿ ಅಕ್ಟೋಬರ್ 29ರಂದು ಅಮೆರಿಕದ ಫ್ಲಾರಿಡ ಸಂಸ್ಥಾನದ ಡೇಟೋನ ಬೀಚಿನಲ್ಲಿ ಹುಟ್ಟಿದನು. ತಂದೆ ಬಡಗಿ. 1961ರಲ್ಲಿ ವಾಯುಸೈನ್ಯವನ್ನು ಸೇರಿ ಇಪ್ಪತ್ತು ವರ್ಷ ದುಡಿದನು. ಅಲಾಸ್ಕದ ಹಿಮಪರ್ವತಗಳನ್ನು ಕಂಡುದು ಆಗಲೇ. ಕಡಲ ತೀರದ ಸಮಭೂಮಿಯಲ್ಲಿ ಬೆಳೆದವನ ಮನಸ್ಸಿನಲ್ಲಿ ಆ ನೋಟ ಅಚ್ಚೊತ್ತಿ ನಿಂತಿತು. ಸೈನ್ಯದಲ್ಲಿ ಕೈಕೆಳಗಿನವರನ್ನು ಗದರಿಸಿ ದುಡಿಸುವುದು ಆತನ ಪಾಲಿನ ಕೆಲಸ. ಬಿಡುಗಡೆಯಾದ ಮೇಲೆ ಇನ್ನು ಯಾರ ಮೇಲೂ ಕೂಗಾಡೆನೆಂದು ಸಂಕಲ್ಪಿಸಿದನಂತೆ. ಮುಂದೆ ಲೋಕಪ್ರಿಯವಾದ ಆ ಮೆಲುದನಿಯ ಹಿಂದೆ ಇಂತಹ ಸಂಕಲ್ಪವಿತ್ತು.

ಬಿಲ್ ಅಲೆಗ್ಸಾಂಡರ್ ಎಂಬ ಜರ್ಮನ್ ಮೂಲದ ಚಿತ್ರಕಾರನು ದೂರದರ್ಶನದಲ್ಲಿ ತೋರಿಸುತ್ತಿದ್ದ ‘ಹಸಿಯ ಮೇಲೆ ಹಸಿ’ ಪದ್ಧತಿಯನ್ನು ರಾಸನು ಕಲಿತುಕೊಂಡನು. ಎಣ್ಣೆಬಣ್ಣದ ಒಂದು ಲೇಪ ಒಣಗಲು ದಿನಗಳೇ ಬೇಕು. ಇಲ್ಲಿ ಕಾಯುವ ಮಾತಿಲ್ಲ. ಬಟ್ಟೆಯ ಮೇಲೆ ಮೊದಲು ತೆಳುವಾದ ಬಿಳಿಯನ್ನು ಬಳಿದು, ಅದು ಹಸಿಯಾಗಿರುವಾಗಲೇ ಆಕಾಶ, ಮುಗಿಲು, ಬೆಟ್ಟ, ನೀರು, ಮರ ಎಂದು ದೂರದಿಂದ ಹತ್ತಿರಕ್ಕೆ ಬರಬೇಕು. ಗಟ್ಟಿ ಬಣ್ಣದ ಮೇಲೆ ತೆಳು ಬಣ್ಣ ಹಿಡಿಯುತ್ತದೆ ಎಂಬುದೇ ಇದರ ಸೂತ್ರ. ಬೆಟ್ಟದ ಹಿಮವನ್ನು ತೋರಿಸಲು ಅಲಗಿನ ಅಂಚಿನಲ್ಲಿ ಬಣ್ಣವನ್ನೆತ್ತಿ, ಒತ್ತದೆ, ಹಗುರವಾಗಿ ಜಾರಿಸಿದರೆ ಸಾಕು. ಬಣ್ಣ ತಾನೇ ಅಲ್ಲಲ್ಲಿ ಹರಿದು ಬಂಡೆಯ ಒರಟನ್ನು ಮೂಡಿಸುತ್ತದೆ.

1983ರಿಂದ 1994ರವರೆಗೆ ‘ದಿ ಜಾಯ್ ಆಫ್ ಪೇಂಟಿಂಗ್’ ಎಂಬ ಕಾರ್ಯಕ್ರಮದ 403 ಕಂತುಗಳು ಪ್ರಸಾರವಾದುವು; ಬಹುಪಾಲು ಸಿದ್ಧವಾದುದು ಇಂಡಿಯಾನ ಸಂಸ್ಥಾನದ ಮನ್ಸಿ ಎಂಬ ಊರಿನಲ್ಲಿ. ಸುಮಾರು ಅರ್ಧ ಗಂಟೆಯಲ್ಲಿ ಒಂದು ಚಿತ್ರ. ನೋಡುವವರಿಗೆ ಎಲ್ಲವೂ ಆ ಕ್ಷಣದ ಸ್ಫೂರ್ತಿಯೆಂದು ತೋರುವುದು. ವಸ್ತುತಃ ಪ್ರತಿಯೊಂದನ್ನೂ ಆತನು ಮೂರು ಸಲ ಬರೆಯುತ್ತಿದ್ದನು: ಮಾದರಿಗಾಗಿ ಮೊದಲೊಮ್ಮೆ, ಪ್ರೇಕ್ಷಕರೆದುರಿಗೆ ಒಮ್ಮೆ, ಪುಸ್ತಕಕ್ಕಾಗಿ ಮತ್ತೊಮ್ಮೆ. ಇದನ್ನು ಕಪಟವೆನ್ನಲಾಗದು, ಸಾಧನೆಯಿಲ್ಲದೆ ಸಭೆಗೆ ಬರುವ ಗಾಯಕನುಂಟೆ?

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರು ಹೇತುಗಳನ್ನು ಹೇಳಿದರು. ರಾಸನಾದರೋ ಪ್ರತಿಭೆಯೆಂಬುದು ಬೆನ್ನುಹತ್ತಿದ ಆಸಕ್ತಿಯೇ ಹೊರತು ಬೇರೆಯಲ್ಲವೆಂದು ಸಾರಿ, ಅಭ್ಯಾಸದ ಮೇಲೆಯೇ ಎಲ್ಲ ಭಾರವನ್ನೂ ಹೊರಿಸಿದನು. ತನ್ನಿಂದಾಗದೆಂದು ಕೈಕಟ್ಟಿ ಕುಳಿತವನ ಭಯವನ್ನು ಇದು ಬಿಡಿಸಿತು. ಇದು ಅಲ್ಪವಾದ ಉಪಕಾರವಲ್ಲ. ಆದರೆ ವ್ಯುತ್ಪತ್ತಿಗೆ, ಎಂದರೆ ಲೋಕವನ್ನು ತಾನಾಗಿ ಕಂಡರಿಯುವುದಕ್ಕೆ, ಇಲ್ಲಿ ಎಡೆ ಕಡಿಮೆ. ಮರಗಳ ಸ್ನೇಹ ಮಾಡಿರೆಂದು ಆತನ ಬಾಯಿ ಹೇಳುತ್ತಿತ್ತು; ಕೈ ಕಲಿಸಿದುದು ಆತನದೇ ಮರವನ್ನು. ಹಿಮವನ್ನೇ ಕಾಣದ ನಾಡಿನ ಶಿಷ್ಯನೂ ಅಲಾಸ್ಕದ ಶಿಖರವನ್ನೇ ಬರೆದನು. ಮನೆಯ ಹಿಂದಿನ ಗುಡ್ಡ ಹಾಗೆಯೇ ಉಳಿಯಿತು.

ಆತನ ಚಿತ್ರಗಳಲ್ಲಿ ಗುಡಿಸಲುಂಟು, ಮನುಷ್ಯರು ಬಲು ವಿರಳ. ಅಲ್ಲಿರುವುದು ಶಾಂತರಸವೆಂದು ಕೆಲವರು ಹೇಳಬಹುದು. ಸಂಸಾರದ ತಾಪವನ್ನು ಅನುಭವಿಸಿ ದಾಟಿದ ಮನಸ್ಸಿನದು ಶಾಂತ; ಈ ಸರೋವರಗಳಿಗೆ ತಾಪದ ಪರಿಚಯವೇ ಇಲ್ಲ. ಅವು ಕೊಡುವುದು ವಿಶ್ರಾಂತಿ. ಶಾಂತದ ಸುಳಿವು ಸಿಕ್ಕುವುದು ಚಿತ್ರದಲ್ಲಲ್ಲ, ಚಿತ್ರಕಾರನ ಮಾತಿನಲ್ಲಿ. ಬೆಳಕು ಕಾಣಬೇಕಾದರೆ ಪಕ್ಕದಲ್ಲಿ ಕತ್ತಲೆಯಿರಬೇಕು, ಸುಖವನ್ನರಿಯಲು ಒಂದಿಷ್ಟು ದುಃಖವೂ ಬೇಕು ಎಂದು ಕುಂಚವಾಡಿಸುತ್ತ ಆತನು ಆಡಿದ ಮಾತಿನಲ್ಲಿ ಅನುಭವದ ತೂಕವಿದೆ.

ಆದುದರಿಂದ ರಾಸನ ಕೃತಿಯೆಂದರೆ ಆ ಅರ್ಧ ಗಂಟೆಯೇ ಎಂದು ನನ್ನ ಅಭಿಪ್ರಾಯ. ಅಂದವಾಗಿ ಮುಗಿದಂತಿರುವ ಸರೋವರದ ಮುಂದೆ ಆತನು ಕಪ್ಪನೆಯ ದಪ್ಪ ಮರವೊಂದನ್ನು ಎಳೆಯುವನು. ಕೆಟ್ಟಿತೆಂದು ನೋಡುವವನ ಎದೆ ಹಾರುವುದು. ಮರುಗಳಿಗೆಯಲ್ಲಿ ಅದೇ ಮರದಿಂದ ದೃಶ್ಯಕ್ಕೆ ಆಳ ಬರುವುದು. ಇದು ನಾಟ್ಯ. ಬಟ್ಟೆಯ ಮೇಲಿನ ಚಿತ್ರ ಅದರ ಗುರುತು ಮಾತ್ರ. ಕುಂಚ ಹಿಡಿಯದವರೂ ನೋಡಿ ತಣಿದುದಕ್ಕೆ ಬೇರೆ ಕಾರಣ ಕಾಣದು.

1995ರ ಜುಲೈ 4ರಂದು, ಐವತ್ತೆರಡನೆಯ ವಯಸ್ಸಿನಲ್ಲಿ, ಕ್ಯಾನ್ಸರಿನಿಂದ ರಾಸನು ತೀರಿಕೊಂಡನು. ಆತನ ಹೆಸರಿನ ಮತ್ತು ಮುಖದ ಒಡೆತನಕ್ಕಾಗಿ ಮಗನಿಗೂ ಆತನ ಹೆಸರಿನ ಸಂಸ್ಥೆಗೂ ವ್ಯಾಜ್ಯ ನಡೆದು, 2019ರಲ್ಲಿ ತೀರ್ಪು ಸಂಸ್ಥೆಯ ಕಡೆಗಾಯಿತು. ಅದೇ ವರ್ಷ ಸ್ಮಿತ್‌ಸೋನಿಯನ್ ಸಂಸ್ಥೆ ಆತನ ಕೆಲವು ಚಿತ್ರಗಳನ್ನು ಸಂಗ್ರಹಕ್ಕೆ ತೆಗೆದುಕೊಂಡಿತು. ಆದರೆ ಅವು ಸೇರಿದುದು ಚಿತ್ರಶಾಲೆಯನ್ನಲ್ಲ, ಅಮೆರಿಕದ ಚರಿತ್ರೆಯ ವಸ್ತುಸಂಗ್ರಹಾಲಯವನ್ನು. 2025ರಲ್ಲಿ ಸರಕಾರದ ನೆರವು ತಪ್ಪಿದ ಸಾರ್ವಜನಿಕ ದೂರದರ್ಶನ ಕೇಂದ್ರಗಳಿಗಾಗಿ ಆತನ ಮೂವತ್ತು ಚಿತ್ರಗಳನ್ನು ಹರಾಜಿಗಿಡಲು ನಿಶ್ಚಯವಾಯಿತು.

ಪಂಡಿತರು ಚಿತ್ರಗಳನ್ನು ಮಾತ್ರ ನೋಡಿದರು. ಅವರ ತೀರ್ಪು ಅಷ್ಟರಮಟ್ಟಿಗೆ ಸರಿ. ಜನ ಬರೆಯುವ ಕೈಯನ್ನು ನೋಡಿದರು. ಅವರ ಪ್ರೀತಿಯೂ ಸರಿಯೇ. ರಾಸನಿಂದ ಧೈರ್ಯವನ್ನು ಕಲಿತವನು ಆತನ ಬೆಟ್ಟವನ್ನು ಅಲ್ಲಿಯೇ ಬಿಟ್ಟು ತನ್ನ ಊರಿನ ಗುಡ್ಡವನ್ನು ಕಣ್ಣಿಟ್ಟು ನೋಡತೊಡಗಿದರೆ, ಆ ಗುರುವಿನ ಶ್ರಮ ಸಾರ್ಥಕ.