ಪ್ರೌಢಶಾಲೆಯಿಂದ ಕಾಲೇಜಿಗೆ: ಮಲೆನಾಡಿನ ಮೂರು ತಾಲ್ಲೂಕುಗಳಲ್ಲಿ ಇತಿಹಾಸ ಬೋಧನೆ — ಒಂದು ವಿಮರ್ಶೆ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಪ್ರೌಢಶಾಲೆಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಸಾಕಷ್ಟು ಸಿದ್ಧರಾಗಿ ಬರುತ್ತಿಲ್ಲವೆಂಬ ಮಾತು ಅಧ್ಯಾಪಕ ವರ್ಗದಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಈ ಕೊರತೆಗೆ ಸಾಮಾನ್ಯವಾಗಿ ಎರಡು ಪರಿಹಾರಗಳನ್ನು ಸೂಚಿಸುವುದುಂಟು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸುವಂತೆ ಮಾಡುವುದೇ ಸಿದ್ಧತೆಯೆಂಬುದು ಒಂದು ಮತ. ಇಂಗ್ಲಿಷನ್ನು ಚೆನ್ನಾಗಿ ಕಲಿಸಿದರೆ ಉಳಿದುದೆಲ್ಲ ತಾನಾಗಿ ಸರಿಹೋಗುವುದೆಂಬುದು ಇನ್ನೊಂದು. ಈ ಎರಡು ಮತಗಳನ್ನೂ ಇತಿಹಾಸವೆಂಬ ಒಂದೇ ವಿಷಯದ ನೆಲೆಯಲ್ಲಿ ನಿಂತು ಪರೀಕ್ಷಿಸಿ, ಇವೆರಡರಿಂದಲೂ ತುಂಬದಿರುವ ಅಂತರ ಯಾವುದೆಂಬುದನ್ನು ಗುರುತಿಸುವುದು ಪ್ರಕೃತ ಲೇಖನದ ಉದ್ದೇಶ. ಇತರ ವಿಷಯಗಳ ಅಧ್ಯಾಪಕರು ತಮ್ಮ ತಮ್ಮ ಶಾಸ್ತ್ರಕ್ಕೆ ಇದನ್ನು ಅನ್ವಯಿಸಿ ನೋಡಬಹುದು.

1. ಹಿಂದಿನ ದಾರಿ

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಈ ಪ್ರದೇಶದ ಬಾಲಕನಿಗೆ ಕಾಲೇಜಿನ ಸಿದ್ಧತೆಯೆಂದರೆ ಊರನ್ನು ಬಿಡುವ ಸಿದ್ಧತೆಯೇ ಆಗಿತ್ತು. 1904ರಲ್ಲಿ ಜನಿಸಿ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ತೀರ್ಥಹಳ್ಳಿಯಲ್ಲಿ ಮಾಧ್ಯಮಿಕ ವಿದ್ಯಾಭ್ಯಾಸವನ್ನು ಮುಗಿಸಿ, ಪ್ರೌಢಶಾಲೆಯ ಓದಿಗಾಗಿಯೇ ಮೈಸೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನು ಸೇರಬೇಕಾಯಿತು. ಅನಂತರ ಮಹಾರಾಜ ಕಾಲೇಜಿನಲ್ಲಿ ಓದಿ 1929ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಒಂದು ತಲೆಮಾರಿನ ಬಳಿಕ, 1932ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನಿಸಿದ ಯು.ಆರ್. ಅನಂತಮೂರ್ತಿಯವರಿಗೂ ಉನ್ನತ ವ್ಯಾಸಂಗದ ದಾರಿ ಮೈಸೂರಿನ ಕಡೆಗೇ ಇತ್ತು.

ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ 1980ರಲ್ಲಿ ಪ್ರಕಟವಾಯಿತು. ಮಲೆನಾಡಿನ ಹುಡುಗನೊಬ್ಬನು ಊರಿನಿಂದ ಹೊರಟು ವಿಶ್ವವಿದ್ಯಾನಿಲಯವನ್ನು ಸೇರಿದ ಬಗೆಯನ್ನು ತಿಳಿಯಲು ಅದು ಬೆಲೆಯುಳ್ಳ ಆಕರ. ಆದರೆ ಅದನ್ನು ಬಳಸುವ ರೀತಿಯಲ್ಲಿ ಒಂದು ದೋಷ ಬೆಳೆದುಬಂದಿದೆ. ಅಂದಿನವರು ಸೌಲಭ್ಯಗಳಿಲ್ಲದೆಯೇ ಓದಿ ಮೇಲೆ ಬಂದರು, ಇಂದಿನವರಿಗೆ ಎಲ್ಲವೂ ಇದ್ದು ಶ್ರದ್ಧೆಯೊಂದೇ ಇಲ್ಲ ಎಂಬ ಉಪದೇಶಕ್ಕೆ ಅದನ್ನು ಸಾಕ್ಷಿಯಾಗಿ ನಿಲ್ಲಿಸುತ್ತಾರೆ. ಇತಿಹಾಸವನ್ನು ಓದಿದವರು ಈ ವಾದವನ್ನು ಒಪ್ಪಲಾರರು. ಗುರಿ ಮುಟ್ಟಿದವನು ಆತ್ಮಕಥೆಯನ್ನು ಬರೆದನು. ನಡುದಾರಿಯಿಂದ ಹಿಂದಿರುಗಿದವನು ಬರೆಯಲಿಲ್ಲ. ಉಳಿದುಬಂದ ಸಾಕ್ಷ್ಯ ಒಂದೇ ಕಡೆಯದೆಂಬುದನ್ನು ಮರೆತು ತೀರ್ಮಾನ ಮಾಡುವುದು ನಮ್ಮ ಶಾಸ್ತ್ರದ ಮೊದಲ ಪಾಠಕ್ಕೇ ವಿರುದ್ಧ. ಮೇಲಾಗಿ ಅದು ವೃದ್ಧಾಪ್ಯದಲ್ಲಿ ನಿಂತು ಬಾಲ್ಯವನ್ನು ನೆನೆದ ಕೃತಿ. ಅದರಿಂದ ತಿಳಿಯಬಹುದಾದುದು ಒಬ್ಬ ಅಸಾಮಾನ್ಯ ವ್ಯಕ್ತಿಯ ಬೆಳವಣಿಗೆಯೇ ಹೊರತು ಸಾಮಾನ್ಯ ವಿದ್ಯಾರ್ಥಿಗೆ ಬೇಕಾದ ಏರ್ಪಾಡಲ್ಲ.

ಸ್ವಾತಂತ್ರ್ಯಾನಂತರ ಕಾಲೇಜುಗಳೇ ಊರಿಗೆ ಬಂದವು. ಸಾಗರದಲ್ಲಿ ಲಾಲ್ ಬಹದ್ದೂರ್ ಕಾಲೇಜು, ತೀರ್ಥಹಳ್ಳಿಯಲ್ಲಿ ತುಂಗಾ ಮಹಾವಿದ್ಯಾಲಯ, ಹೊಸನಗರದಲ್ಲಿ ಕೊಡಚಾದ್ರಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನೆಲೆಗೊಂಡವು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರಿನಿಂದ ಬೇರ್ಪಟ್ಟ ತುಮರಿ ಭಾಗದ ಮಕ್ಕಳು ಆರು ದಶಕಗಳ ಕಾಲ ಲಾಂಚನ್ನು ನೆಚ್ಚಿ ಸಾಗರಕ್ಕೆ ಬರಬೇಕಾಗಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಬಳಕೆಗೆ ಬಂದು ಆ ತೊಡಕೂ ನಿವಾರಣೆಯಾಯಿತು. ಮಳೆಗಾಲದಲ್ಲಿ ಕಾಲುಸಂಕ ದಾಟಿ ಬಸ್ಸು ಹಿಡಿಯಬೇಕಾದ ಮಕ್ಕಳು ಇನ್ನೂ ಇದ್ದಾರೆ. ಆದರೂ ಒಟ್ಟಿನಲ್ಲಿ ನೆಲದ ದೂರ ಕಡಮೆಯಾಗಿದೆ ಎನ್ನಬಹುದು. ಓದಿನ ದೂರ ಕಡಮೆಯಾಗಿದೆಯೇ ಎಂಬುದೇ ಈಗಿನ ಪ್ರಶ್ನೆ.

2. ಅಂಕಗಳ ವಾದ

ಪ್ರೌಢಶಾಲೆಯಲ್ಲಿ ಇತಿಹಾಸವು ಸ್ವತಂತ್ರ ವಿಷಯವಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನಗಳೊಡನೆ ಅದು ಸಮಾಜ ವಿಜ್ಞಾನವೆಂಬ ಒಂದೇ ಪತ್ರಿಕೆಯಲ್ಲಿ ಅಡಕವಾಗಿದೆ. ಪರೀಕ್ಷೆಯಲ್ಲಿ 80 ಅಂಕ ಬರವಣಿಗೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಈ ಇಕ್ಕಟ್ಟಿನಲ್ಲಿ ಶಿಕ್ಷಕರು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸುವುದರಲ್ಲಿಯೂ ಸಿದ್ಧ ಉತ್ತರಗಳನ್ನು ಬಾಯಿಪಾಠ ಮಾಡಿಸುವುದರಲ್ಲಿಯೂ ಕಾಲ ಕಳೆಯುವುದು ಆಶ್ಚರ್ಯವಲ್ಲ. ಶಾಲೆಯ ಫಲಿತಾಂಶದಿಂದಲೇ ಅವರ ಯೋಗ್ಯತೆಯನ್ನು ಅಳೆಯುತ್ತಿರುವಾಗ ಅವರನ್ನು ದೂಷಿಸುವುದು ನ್ಯಾಯವೂ ಅಲ್ಲ.

ಆದರೆ ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. 1645ರಿಂದ 1660ರವರೆಗೆ ಕೆಳದಿ ರಾಜ್ಯವನ್ನಾಳಿದ ಶಿವಪ್ಪನಾಯಕನ ‘ಶಿಸ್ತು’ ಎಂದರೇನೆಂದು ಕೇಳಿದರೆ, ಭೂಮಿಯನ್ನು ಗುಣಾನುಸಾರ ವರ್ಗೀಕರಿಸಿ ಕಂದಾಯ ನಿಗದಿ ಮಾಡಿದ ವ್ಯವಸ್ಥೆಯೆಂದು ವಿದ್ಯಾರ್ಥಿನಿ ಎರಡು ವಾಕ್ಯಗಳಲ್ಲಿ ಬರೆದು ಪೂರ್ಣ ಅಂಕ ಪಡೆಯುತ್ತಾಳೆ. ಅದೇ ವಿದ್ಯಾರ್ಥಿನಿ ಪದವಿ ತರಗತಿಗೆ ಬಂದಾಗ ಪ್ರಶ್ನೆ ಬೇರೆಯಾಗುತ್ತದೆ. ಈ ವ್ಯವಸ್ಥೆಯ ಸಂಗತಿ ನಮಗೆ ತಿಳಿದುದು ಎಲ್ಲಿಂದ? ಬರೆದಿಟ್ಟವರು ಯಾರು, ಯಾವ ಕಾಲದಲ್ಲಿ, ಯಾರಿಗಾಗಿ? ಅದನ್ನು ಹೊಗಳಿದವರು ಕಂದಾಯ ಪಡೆಯುವವರೋ ಕೊಡುವವರೋ? ಇಂಥ ಪ್ರಶ್ನೆಯನ್ನು ಹತ್ತು ವರ್ಷಗಳ ಶಾಲೆಯಲ್ಲಿ ಒಮ್ಮೆಯೂ ಎದುರಿಸದ ವಿದ್ಯಾರ್ಥಿನಿ ಮೌನಿಯಾಗುತ್ತಾಳೆ; ಆ ಮೌನವನ್ನು ಅಧ್ಯಾಪಕರು ಬುದ್ಧಿಮಾಂದ್ಯವೆಂದು ಎಣಿಸುತ್ತಾರೆ. ಹೆಚ್ಚು ಅಂಕ ಪಡೆದವರೂ ಕಡಮೆ ಅಂಕ ಪಡೆದವರೂ ಈ ಮೌನದಲ್ಲಿ ಸಮಾನರು. ಆದುದರಿಂದ ಅಂಕಗಳ ಹೆಚ್ಚಳವು ಕಾಲೇಜಿನ ಬಾಗಿಲನ್ನು ತೆರೆಯಬಲ್ಲದೇ ಹೊರತು ಒಳಗೆ ನಡೆಯುವುದನ್ನು ಕಲಿಸದು.

ನಡುವಣ ಎರಡು ವರ್ಷಗಳ ಪದವಿಪೂರ್ವ ಶಿಕ್ಷಣ ಈ ಅಂತರವನ್ನು ತುಂಬಬೇಕಾಗಿತ್ತು. ಅಲ್ಲಿ ಮೊದಲ ವರ್ಷ ಪ್ರಪಂಚದ ಇತಿಹಾಸ, ಎರಡನೆಯ ವರ್ಷ ಭಾರತ ಮತ್ತು ಕರ್ನಾಟಕದ ಇತಿಹಾಸ. ವ್ಯಾಪ್ತಿ ಹಿರಿದಾಯಿತು, ವಿಧಾನ ಹಿಂದಿನದೇ ಉಳಿಯಿತು. ಪದವಿಯ ಅವಧಿಯನ್ನು 2021-22ರಲ್ಲಿ ನಾಲ್ಕು ವರ್ಷಕ್ಕೆ ವಿಸ್ತರಿಸಿ, 2024-25ರಲ್ಲಿ ಮತ್ತೆ ಮೂರಕ್ಕೆ ಇಳಿಸಿದುದೂ ಈ ಸಮಸ್ಯೆಯನ್ನು ಮುಟ್ಟಲಿಲ್ಲ. ವರ್ಷಗಳ ಎಣಿಕೆ ಬದಲಾದ ಮಾತ್ರಕ್ಕೆ ಓದುವ ಕ್ರಮ ಬದಲಾಗದು.

3. ಇಂಗ್ಲಿಷಿನ ವಾದ

ಎರಡನೆಯ ಮತದಲ್ಲಿ ಸತ್ಯಾಂಶ ಹೆಚ್ಚಾಗಿದೆ. ಇತಿಹಾಸದ ಉನ್ನತ ಗ್ರಂಥಗಳಲ್ಲಿ ಬಹುಭಾಗ ಇಂಗ್ಲಿಷಿನಲ್ಲಿಯೇ ಇರುವುದರಿಂದ, ಆ ಭಾಷೆಯ ಗದ್ಯವನ್ನು ಓದಲಾರದ ವಿದ್ಯಾರ್ಥಿ ಗ್ರಂಥಾಲಯದ ಅರ್ಧವನ್ನು ಕಳೆದುಕೊಳ್ಳುತ್ತಾನೆ. ಇದನ್ನು ಅಲ್ಲಗಳೆದು ಅಭಿಮಾನದ ಮಾತನಾಡುವುದರಿಂದ ವಿದ್ಯಾರ್ಥಿಗೆ ಉಪಕಾರವಿಲ್ಲ. ಆದರೆ ಕನ್ನಡದ ಒಂದು ಪುಟವನ್ನು ಓದಿ, ಅದರಲ್ಲಿ ಲೇಖಕನು ಕಂಡುದಾವುದು, ಕೇಳಿದುದಾವುದು, ಊಹಿಸಿದುದಾವುದು ಎಂದು ಬೇರ್ಪಡಿಸಲಾರದವನು ಇಂಗ್ಲಿಷ್ ಪುಟವನ್ನು ಓದಿದಾಗಲೂ ಬೇರ್ಪಡಿಸಲಾರನು. ಭಾಷೆಯ ಕೊರತೆ, ವಿಮರ್ಶೆಯ ಕೊರತೆ ಇವೆರಡೂ ಬೇರೆ ಬೇರೆ. ಮೊದಲನೆಯದಕ್ಕೆ ಕೊಟ್ಟ ಮದ್ದು ಎರಡನೆಯದನ್ನು ಗುಣಪಡಿಸುವುದೆಂದು ನಂಬಿದುದೇ ಈ ಮತದ ದೋಷ.

ಎರಡಕ್ಕೂ ಒಟ್ಟಿಗೆ ನೆರವಾಗಬಲ್ಲ ಗ್ರಂಥವೊಂದು ಈ ತಾಲ್ಲೂಕುಗಳಿಗೆ ಶತಮಾನದ ಹಿಂದೆಯೇ ದೊರೆತಿದೆ. ಬಿ.ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಎಂಟನೆಯ ಸಂಪುಟ 1904ರಲ್ಲಿ ಪ್ರಕಟವಾಯಿತು. ಸೊರಬದೊಡನೆ ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಇದೊಂದರಲ್ಲಿಯೇ ಸೇರಿವೆ. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ. ಶಾಸನಪಾಠ ಕನ್ನಡ ಲಿಪಿಯಲ್ಲಿದೆ, ರೋಮನ್ ಲಿಪಿಯಲ್ಲಿಯೂ ಇದೆ, ಇಂಗ್ಲಿಷ್ ಅನುವಾದವೂ ಜೊತೆಗಿದೆ. ತನ್ನ ಊರಿನ ಒಂದು ಚಿಕ್ಕ ದಾನಶಾಸನದ ಕನ್ನಡ ಪಾಠವನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಹೋಲಿಸಿ ಓದುವ ವಿದ್ಯಾರ್ಥಿ ಎರಡು ಭಾಷೆಗಳನ್ನೂ ನಿಧಾನವಾಗಿ ಕಲಿಯುತ್ತಾನೆ. ಅನುವಾದಕನು ಯಾವುದನ್ನು ಬಿಟ್ಟನು, ಯಾವುದನ್ನು ಊಹಿಸಿದನು ಎಂಬುದನ್ನೂ ಕಾಣುತ್ತಾನೆ.

4. ಕೈಗೆಟಕುವ ಆಕರಗಳು

ಇಂಥ ಅಭ್ಯಾಸಕ್ಕೆ ಈ ಮೂರು ತಾಲ್ಲೂಕುಗಳಷ್ಟು ಅನುಕೂಲವಾದ ನೆಲ ವಿರಳ. ಮೂರು ಉದಾಹರಣೆಗಳನ್ನು ಮಾತ್ರ ಇಲ್ಲಿ ಕೊಡುತ್ತೇವೆ.

ಮೊದಲನೆಯದು ಹೊಸನಗರ ತಾಲ್ಲೂಕಿನ ಹುಂಚ. ಸಾಂತರರ ಈ ರಾಜಧಾನಿಯಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿಯ ಕಾಲ ಕ್ರಿ.ಶ. 1077. ಇದು ಶಕವರ್ಷ 999. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಸಾಮಾನ್ಯವಾಗಿ ಕ್ರಿಸ್ತವರ್ಷ ದೊರೆಯುವುದು. ಆ ವರ್ಷದ ಸಂವತ್ಸರ ಪಿಂಗಳ. ಅರುವತ್ತು ವರ್ಷಗಳ ಚಕ್ರ ಹದಿನೈದು ಬಾರಿ ತಿರುಗಿದರೆ ಒಂಬೈನೂರು ವರ್ಷವಾಗುವುದರಿಂದ 1977ರಲ್ಲಿ ಆರಂಭವಾದ ಸಂವತ್ಸರವೂ ಪಿಂಗಳವೇ. ಎಂಟನೆಯ ತರಗತಿಯ ಲೆಕ್ಕ ಬಲ್ಲವರು ಇದನ್ನು ತಾವೇ ಸಾಧಿಸಿ ನೋಡಬಹುದು. ಪುಸ್ತಕದಲ್ಲಿ ಅಚ್ಚಾದ ಇಸವಿ ಆಕಾಶದಿಂದ ಇಳಿದುದಲ್ಲ, ಯಾರೋ ಲೆಕ್ಕ ಹಾಕಿ ಪಡೆದುದು ಎಂದು ಒಮ್ಮೆ ಕಂಡುಕೊಂಡ ವಿದ್ಯಾರ್ಥಿ ಮುಂದೆ ಇಸವಿಗಳನ್ನು ಬಾಯಿಪಾಠ ಮಾಡುವ ರೀತಿಯೇ ಬೇರೆಯಾಗುತ್ತದೆ.

ಎರಡನೆಯದು ಬಿದನೂರು. 1763ರಲ್ಲಿ ಹೈದರಾಲಿ ಈ ನಗರವನ್ನು ವಶಪಡಿಸಿಕೊಂಡುದರಿಂದ ಕೆಳದಿಯ ಅರಸೊತ್ತಿಗೆ ಮುಗಿಯಿತು. ಕೆಳದಿ ಅರಸರ ಚರಿತ್ರೆಯನ್ನು ಆಸ್ಥಾನದ ಲಿಂಗಣ್ಣಕವಿ ‘ಕೆಳದಿನೃಪವಿಜಯ’ದಲ್ಲಿ ಬರೆದಿದ್ದಾನೆ. ಪತನದ ಮೂವತ್ತೆಂಟು ವರ್ಷಗಳ ಬಳಿಕ, 1801ರಲ್ಲಿ, ಫ್ರಾನ್ಸಿಸ್ ಬುಕನನ್ ಈ ದಾರಿಯಾಗಿ ಸಂಚರಿಸಿ ತಾನು ಕಂಡುದನ್ನೂ ಜನರಿಂದ ಕೇಳಿದುದನ್ನೂ ಬರೆದಿಟ್ಟನು. ಆತನ ಪ್ರವಾಸಗ್ರಂಥ 1807ರಲ್ಲಿ ಅಚ್ಚಾಯಿತು. ಒಬ್ಬನು ಅರಸನ ಅನ್ನ ಉಂಡ ಕವಿ. ಇನ್ನೊಬ್ಬನು ಟಿಪ್ಪುವಿನ ಪತನಾನಂತರ ಕಂಪೆನಿ ಸರ್ಕಾರದ ಆಜ್ಞೆಯಂತೆ ನಾಡಿನ ಬೆಳೆ, ಕಸುಬು, ವ್ಯಾಪಾರಗಳನ್ನು ಅರಿಯಲು ಬಂದ ವೈದ್ಯ. ಇವರಿಬ್ಬರಿಂದಲೂ ಒಂದೊಂದು ಪುಟವನ್ನು ಆರಿಸಿ ತರಗತಿಯಲ್ಲಿಟ್ಟರೆ, ಸಾಕ್ಷಿಯ ಉದ್ದೇಶವನ್ನು ವಿಚಾರಿಸಬೇಕೆಂಬ ಪಾಠಕ್ಕೆ ಬೇರೆ ಉಪನ್ಯಾಸ ಬೇಕಾಗದು.

ಮೂರನೆಯದು ವಿದ್ಯಾರ್ಥಿಯ ಮನೆಯಲ್ಲಿಯೇ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎಚ್. ಗಣಪತಿಯಪ್ಪನವರ ನಾಯಕತ್ವದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ವಿವಾದದ ಒಂದು ಮುಖ್ಯ ಕಾರಣವಾಗಿತ್ತು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಶಾಸನಸಭೆಗೆ ಆಯ್ಕೆಯಾದರು. ಹಳೆಯ ಗೇಣಿಚೀಟಿ, 1974ರ ಭೂಸುಧಾರಣೆಯ ತರುವಾಯ ಭೂನ್ಯಾಯಮಂಡಳಿಗೆ ಸಲ್ಲಿಸಿದ 7ನೆಯ ನಮೂನೆಯ ಅರ್ಜಿಯ ಪ್ರತಿ, ಮುಳುಗಡೆಯ ಪರಿಹಾರದ ಕಾಗದ—ಇವು ಇನ್ನೂ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿವೆ. ಅಜ್ಜ ಅಜ್ಜಿಯರ ನೆನಪನ್ನು ಈ ಕಾಗದಗಳೊಡನೆ ಹೋಲಿಸುವುದು ಯಾವ ವಿಶ್ವವಿದ್ಯಾನಿಲಯದ ಸಂಶೋಧನೆಗೂ ಕಡಮೆಯಾದ ಅಭ್ಯಾಸವಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದು ಅವಶ್ಯಕ. ಒಡೆಯನ ಮೊಮ್ಮಗನೂ ಗೇಣಿದಾರನ ಮೊಮ್ಮಗಳೂ ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಯಾರ ಮನೆತನವನ್ನೂ ತರಗತಿಯಲ್ಲಿ ವಿಚಾರಣೆಗೆ ಒಡ್ಡಬಾರದು. ಮನೆಯ ಕಾಗದವನ್ನು ತರುವಂತೆ ಬಲವಂತ ಮಾಡಲೂಬಾರದು. ಆದರೆ ಕಷ್ಟವೆಂದು ಈ ಅಧ್ಯಾಯವನ್ನೇ ಬಿಟ್ಟುಬಿಡುವುದು ಸರಿಯಲ್ಲ. ತನಗೆ ಪ್ರಿಯವಲ್ಲದ ಸಾಕ್ಷ್ಯವನ್ನು ತಾಳ್ಮೆಯಿಂದ ಕೇಳುವ ಗುಣ ಕಾಲೇಜಿನಲ್ಲಿ ಬೇಕಾದುದೇ ಆಗಿದೆ. ಅದನ್ನು ಕಲಿಯಲು ಇದಕ್ಕಿಂತ ಸಮೀಪದ ಸಂದರ್ಭವಿಲ್ಲ.

5. ಆಕ್ಷೇಪಣೆ ಮತ್ತು ಸೂಚನೆ

ಪಠ್ಯವನ್ನು ಮುಗಿಸುವುದೇ ದುಸ್ತರವಾಗಿರುವಾಗ ಇದಕ್ಕೆ ಕಾಲವೆಲ್ಲಿ ಎಂಬ ಆಕ್ಷೇಪಣೆ ಸಹಜವಾದುದು. ಪಠ್ಯವನ್ನು ಬದಲಿಸಬೇಕೆಂಬುದು ನಮ್ಮ ಸೂಚನೆಯಲ್ಲ. ಆಂತರಿಕ ಮೌಲ್ಯಮಾಪನದ 20 ಅಂಕಗಳ ಮಿತಿಯಲ್ಲಿಯೇ ಎಂಟನೆಯ ತರಗತಿಯಿಂದ ವರ್ಷಕ್ಕೆ ಎರಡು ಆಕರಗಳನ್ನು ಓದಿಸಬಹುದು. ಪುಸ್ತಕದಿಂದ ನಕಲು ಮಾಡಿದ ಯೋಜನಾ ವರದಿಯ ಬದಲು, ಒಂದು ಆಕರದ ಬಗ್ಗೆ ಯಾರು, ಎಂದು, ಏಕೆ, ಹೇಗೆ ತಿಳಿದು ಬರೆದರೆಂಬ ನಾಲ್ಕು ಪ್ರಶ್ನೆಗಳಿಗೆ ವಿದ್ಯಾರ್ಥಿ ತನ್ನ ಮಾತಿನಲ್ಲಿ ಬರೆದ ಒಂದು ಪುಟದ ಉತ್ತರ ಸಾಕು. ಮೂರು ವರ್ಷಗಳಲ್ಲಿ ಆರು ಆಕರಗಳಾಗುತ್ತವೆ.

ಎರಡನೆಯ ಆಕ್ಷೇಪಣೆ ಶಿಕ್ಷಕರಿಗೆ ಈ ಸಾಮಗ್ರಿ ದೊರೆಯದೆಂಬುದು. ಇದು ನಿಜ, ಇದರ ಹೊಣೆ ಕಾಲೇಜು ಮತ್ತು ವಿಶ್ವವಿದ್ಯಾನಿಲಯಗಳ ಮೇಲಿದೆ. ಮೈಸೂರು ವಿಶ್ವವಿದ್ಯಾನಿಲಯವು ಹಿಂದೆ ಪ್ರಚಾರೋಪನ್ಯಾಸಗಳನ್ನು ಹಳ್ಳಿ ಪಟ್ಟಣಗಳಲ್ಲಿ ಏರ್ಪಡಿಸಿ ಚಿಕ್ಕ ಹೊತ್ತಗೆಗಳಾಗಿ ಅಚ್ಚು ಮಾಡಿಸಿದ ಮಾದರಿ ನಮ್ಮ ಕಣ್ಣೆದುರಿಗಿದೆ. ಅದೇ ರೀತಿಯಲ್ಲಿ ಈ ಮೂರು ತಾಲ್ಲೂಕುಗಳ ಇಪ್ಪತ್ತು ಆಕರಗಳನ್ನು ಆರಿಸಿ, ಕಠಿನ ಪದಗಳ ಅರ್ಥದೊಡನೆ ಒಂದು ವಾಚಿಕೆಯನ್ನು ಸಿದ್ಧಪಡಿಸುವುದು ಇತಿಹಾಸ ವಿಭಾಗಗಳಿಗೆ ಅಸಾಧ್ಯವಲ್ಲ. ಅಧ್ಯಾಪಕರು ವರ್ಷಕ್ಕೊಮ್ಮೆ ಸಮೀಪದ ಪ್ರೌಢಶಾಲೆಗೆ ಹೋಗಿ ಒಂದು ಆಕರವನ್ನು ಮಕ್ಕಳೊಡನೆ ಓದಲಿ. ಪ್ರೌಢಶಾಲೆಯ ಶಿಕ್ಷಕರು ಪದವಿಯ ಮೊದಲ ವರ್ಷದ ತರಗತಿಯೊಂದರಲ್ಲಿ ಕುಳಿತು ಅಲ್ಲಿ ಕೇಳುವುದೇನೆಂಬುದನ್ನು ನೋಡಲಿ. ಕಾಲೇಜಿನಲ್ಲಿಯೂ ಟಿಪ್ಪಣಿ ಬರೆಸುವ ಪದ್ಧತಿಯೇ ಮುಂದುವರಿದರೆ ಪ್ರೌಢಶಾಲೆಯ ಶ್ರಮವೆಲ್ಲ ವ್ಯರ್ಥವಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಈ ವಿಚಾರಕ್ಕೆ ನಾವು ಇಷ್ಟು ಮಹತ್ವ ಕೊಡಲು ಕಾರಣವಿದೆ. ಮನೆಯಲ್ಲಿ ಓದಿದವರಿರುವ ವಿದ್ಯಾರ್ಥಿಗೆ ಕಾಲೇಜಿನ ಕ್ರಮವನ್ನು ತಿಳಿಸಿಕೊಡಲು ಅಕ್ಕನೋ ಮಾವನೋ ಇರುತ್ತಾರೆ. ಕುಟುಂಬದಲ್ಲಿ ಮೊದಲಿಗಳಾಗಿ ಕಾಲೇಜು ಸೇರಿದವಳಿಗೆ ಶಾಲೆಯಲ್ಲದೆ ಬೇರೆ ದಿಕ್ಕಿಲ್ಲ. ಮೊದಲ ವರ್ಷದಲ್ಲಿಯೇ ತರಗತಿಯ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು, ಎರಡನೆಯ ವರ್ಷದ ಹಾಜರಿ ಪುಸ್ತಕದಲ್ಲಿ ಹೆಸರೇ ಕಾಣದಂತಾಗುವವರು ಬಹುಮಟ್ಟಿಗೆ ಇಂಥವರೇ. ಅವರಿಗೆ ಬುದ್ಧಿ ಸಾಲದೆಂದು ತೀರ್ಮಾನಿಸುವ ಮೊದಲು, ಕಾಲೇಜಿನಲ್ಲಿ ಕೇಳುವ ಬಗೆಯ ಪ್ರಶ್ನೆಯನ್ನು ಶಾಲೆಯಲ್ಲಿ ಎಂದಾದರೂ ಅವರ ಮುಂದಿಟ್ಟಿದ್ದೇವೆಯೇ ಎಂಬುದನ್ನು ಶಾಲೆ ಮತ್ತು ಕಾಲೇಜುಗಳೆರಡೂ ವಿಚಾರ ಮಾಡಬೇಕಾಗಿದೆ.